ಡಿಸ್ಕನೆಕ್ಟ್ ಆದವರು ಹೋದವರಲ್ಲ

ಸೆಪ್ಟೆಂಬರ್ 8, 2025, ಸೋಮವಾರ, ಹುಬ್ಬಳ್ಳಿ

ಚಹಾ ಬಾಯಿಗಿಡುವ ಮುಂಚೆಯೇ ಗದಗ ಶಾಖೆಯಿಂದ ಫೋನು. ಅಲ್ಲಿನ ಹಿರಿಯ ಅಕೌಂಟೆಂಟರನ್ನು (ಕಚೇರಿಗೆಲ್ಲ ಅವರು ಕಾಕಾ) ಖರೀದಿ ಲೆಕ್ಕದಿಂದ ಬಿಡಿಸಿ ಜಿಎಸ್‌ಟಿ ಕೆಲಸಕ್ಕೆ ಹಾಕಿದ್ದಾರೆ. ಶುಕ್ರವಾರವೇ ಅವರ ಹೆಸರನ್ನು ಸರ್ವರಿನ ಜಿಎಸ್‌ಟಿ ಗ್ರೂಪಿಗೆ ಸೇರಿಸಿದ್ದೆ. ಆದರೂ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಫೋಲ್ಡರ್ ತೆರೆಯಲು ಹೋದರೆ ‘ಆಕ್ಸೆಸ್ ಈಸ್ ಡಿನೈಡ್’ ಎಂದು ಬರುತ್ತಿದೆ. ಗುರುವಾರ 11ರೊಳಗೆ ಆಗಸ್ಟ್ ತಿಂಗಳ ಜಿಎಸ್‌ಟಿಆರ್-1 ಹೋಗಬೇಕು. ಜೊತೆಗೆ 22ರಿಂದ ಜಿಎಸ್‌ಟಿಯ ಹೊಸ ದರ ಬರುವ ಗದ್ದಲ ಬೇರೆ.

“ಏನ್ ತಮ್ಮಾ, ಇಷ್ಟ್ ವರ್ಷ ಆದ ಮ್ಯಾಲೆ ನನ್ನ ಮ್ಯಾಲಿನ ನಂಬಿಕಿ ಹೋತೇನು?” ಎಂದರು ಕಾಕಾ. ಅರ್ಧ ತಮಾಷೆ, ಅರ್ಧ ನೋವು. ‘ನಿಮಗೆ ಪ್ರವೇಶವಿಲ್ಲ’ ಅನ್ನುವ ಕಂಪ್ಯೂಟರು ಯಾಕಿಲ್ಲ ಅಂತ ಹೇಳುವುದಿಲ್ಲ. ಓದಿದವರು ಅದನ್ನು ತಮ್ಮ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ.

ಮೊದಲು ಎರಡೂ ಕಡೆಯ ಪರ್ಮಿಷನ್ ನೋಡಿದೆ. ನೆಟ್‌ವರ್ಕ್ ದಾರಿಯಲ್ಲಿ ಬಂದವರಿಗೆ ಶೇರ್ ಪರ್ಮಿಷನ್ ಒಂದು, ಫೋಲ್ಡರಿನದೇ ಆದ ಎನ್‌ಟಿಎಫ್‌ಎಸ್ ಪರ್ಮಿಷನ್ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಹೊಸ ಶೇರ್ ಮಾಡಿದಾಗ ವಿಂಡೋಸ್ ತಾನಾಗಿ ಎವ್ರಿವನ್‌ಗೆ ಬರೀ ರೀಡ್ ಕೊಡುವುದರಿಂದ ಎಷ್ಟೋ ತಂಟೆ ಅಲ್ಲೇ ಹುಟ್ಟುತ್ತದೆ. ನಮ್ಮಲ್ಲಿ ಹಾಗಿರಲಿಲ್ಲ. ಶೇರ್‌ನಲ್ಲಿ ಸಿಬ್ಬಂದಿಗೆಲ್ಲ ಚೇಂಜ್ ಇದೆ, ಫೋಲ್ಡರ್‌ನಲ್ಲಿ ಜಿಎಸ್‌ಟಿ ಗ್ರೂಪಿಗೆ ಮಾಡಿಫೈ ಇದೆ. ಅಡ್ವಾನ್ಸ್ಡ್ ಸೆಕ್ಯುರಿಟಿಗೆ ಹೋಗಿ ‘ಎಫೆಕ್ಟಿವ್ ಆಕ್ಸೆಸ್’ನಲ್ಲಿ ಕಾಕಾನ ಹೆಸರು ಹಾಕಿದರೆ ಸಾಲುಸಾಲು ಹಸಿರು ಗುರುತು. ಕಾಗದದ ಮೇಲೆ ಎಲ್ಲ ಸರಿ, ಕೆಲಸ ಮಾತ್ರ ಆಗುತ್ತಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ನಮ್ಮದು ಚಿಕ್ಕ ಕಚೇರಿ. ಶಾಖೆಯವರು ಲಾಗಿನ್ ಆಗುವ ಸರ್ವರೂ ಫೈಲ್ ಇಡುವ ಸರ್ವರೂ ಒಂದೇ ಪೆಟ್ಟಿಗೆ. ಇವತ್ತು ಅದೇ ಅನುಕೂಲವಾಯಿತು. ನೆಟ್‌ವರ್ಕ್ ದಾರಿಯ ಝಡ್ ಡ್ರೈವ್ ಬಿಟ್ಟು ಅದೇ ಫೋಲ್ಡರಿಗೆ ನೇರವಾಗಿ ಡಿ ಡ್ರೈವ್ ಮೂಲಕ ಹೋಗಲು ಕಾಕಾಗೆ ಹೇಳಿದೆ. ಆ ದಾರಿಯಲ್ಲಿ ಶೇರ್ ಪರ್ಮಿಷನ್ ಅಡ್ಡ ಬರುವುದೇ ಇಲ್ಲ, ಎನ್‌ಟಿಎಫ್‌ಎಸ್ ಒಂದೇ. ಅಲ್ಲೂ ಡಿನೈಡ್. ಹಾಗಾದರೆ ಶೇರ್ ನಿರ್ದೋಷಿ. ಫೋಲ್ಡರಿನ ಪಟ್ಟಿಯನ್ನು ನಿನ್ನೆಯೇ ಕಣ್ಣಾರೆ ಕಂಡಿದ್ದೇನೆ. ಉಳಿದದ್ದು ಕಾಕಾನ ಸೆಷನ್ ಒಂದೇ.

ಅವರ ಪರದೆಯಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆಸಿ ‘ಹೂ ಆ್ಯಮ್ ಐ’ ಕಮಾಂಡಿಗೆ ಗ್ರೂಪ್ಸ್ ಸೇರಿಸಿ ಕೊಡಿಸಿದೆ. ಬಂದ ಪಟ್ಟಿಯಲ್ಲಿ ಖರೀದಿ ಗ್ರೂಪ್ ಇದೆ, ಜಿಎಸ್‌ಟಿ ಗ್ರೂಪ್ ಇಲ್ಲ! ಇತ್ತ ನನ್ನ ಕಡೆ ‘ಕ್ಯೂ ಯೂಸರ್’ ಹೊಡೆದೆ. ಕಾಕಾ ಲಾಗಿನ್ ಆದ ತಾರೀಕು ಸೆಪ್ಟೆಂಬರ್ 2.

ಸಂಜೆ ಹೊರಡುವಾಗ ಏನು ಮಾಡುತ್ತೀರಿ ಎಂದು ಕೇಳಿದೆ. “ಮ್ಯಾಲಿನ ಇಂಟು ಒತ್ತಿ ಮನಿಗೆ ಹೋಗ್ತೇನಿ, ಮತ್ತೇನು?” ಎಂದರು. ಎಲ್ಲರೂ ಮಾಡುವುದು ಅದನ್ನೇ. ಇಂಟು ಒತ್ತಿದರೆ ಕಿಟಕಿ ಮುಚ್ಚುತ್ತದೆ, ಸೆಷನ್ ಮುಗಿಯುವುದಿಲ್ಲ. ಸರ್ವರಿನ ಲೆಕ್ಕದಲ್ಲಿ ಕಾಕಾ ಹೋದ ಮಂಗಳವಾರದಿಂದ ಕುರ್ಚಿ ಬಿಟ್ಟು ಎದ್ದೇ ಇಲ್ಲ. ಯಾವ ಯಾವ ಗ್ರೂಪಿನಲ್ಲಿದ್ದಾರೆ ಎಂಬುದನ್ನು ವಿಂಡೋಸ್ ಲಾಗಿನ್ ಹೊತ್ತಿನಲ್ಲಿ ಒಮ್ಮೆ ನೋಡಿ ಟೋಕನ್ ಮಾಡಿಡುತ್ತದೆ. ಆಮೇಲೆ ಗ್ರೂಪಿಗೆ ಯಾರನ್ನೇ ಸೇರಿಸಿದರೂ ಆ ಹಳೆಯ ಟೋಕನ್ನಿಗೆ ಗೊತ್ತಾಗುವುದಿಲ್ಲ. ಎಫೆಕ್ಟಿವ್ ಆಕ್ಸೆಸ್ ಇವತ್ತಿನ ಗ್ರೂಪ್ ನೋಡಿ ಹೌದು ಎನ್ನುತ್ತಿತ್ತು, ಸೆಷನ್ ಹೋದ ವಾರದ ಟೋಕನ್ ಹಿಡಿದು ಇಲ್ಲ ಎನ್ನುತ್ತಿತ್ತು.

ಫೈಲುಗಳನ್ನು ಸೇವ್ ಮಾಡಿಸಿ, ಸೈನ್ ಔಟ್ ಮಾಡಿಸಿ, ಮತ್ತೆ ಲಾಗಿನ್ ಮಾಡಿಸಿದೆ. ಫೋಲ್ಡರ್ ತೆರೆಯಿತು.

ಸೆಪ್ಟೆಂಬರ್ 10, ಬುಧವಾರ

ಗದಗದ ಸುದ್ದಿ ಸಾಹೇಬರ ಕಿವಿಗೂ ಬಿದ್ದಿದೆ. “ಎಲ್ಲಾರಿಗೂ ಫುಲ್ ಕಂಟ್ರೋಲ್ ಕೊಟ್ಟುಬಿಡ್ರಿ, ದಿನಾ ಈ ಕಿರಿಕಿರಿ ಯಾಕ?” ಎಂದರು. ಒಪ್ಪಲಿಲ್ಲ. ಒಬ್ಬರ ಲಾಗಿನ್‌ನಲ್ಲಿ ರ‍್ಯಾನ್ಸಮ್‌ವೇರ್ ಹೊಕ್ಕರೆ ಅವರಿಗೆ ಎಲ್ಲೆಲ್ಲಿ ಬರೆಯುವ ಹಕ್ಕಿದೆಯೋ ಅಲ್ಲಿಯ ಫೈಲುಗಳನ್ನೆಲ್ಲ ಅದು ಲಾಕ್ ಮಾಡಬಲ್ಲದು. ಮೇಲಾಗಿ ಫುಲ್ ಕಂಟ್ರೋಲ್ ಅಂದರೆ ಪರ್ಮಿಷನ್ ಬದಲಿಸುವ ಅಧಿಕಾರವೂ ಸೇರಿತು. ಇಷ್ಟು ಹೇಳಿದ ಮೇಲೆ ಸುಮ್ಮನಾದರು.

ಕ್ಯೂ ಯೂಸರ್ ಪಟ್ಟಿಯನ್ನು ಪೂರ್ತಿ ಓದಿದಾಗ ಕಾಕಾನ ತೊಂದರೆಗಿಂತ ದೊಡ್ಡದು ಕಂಡಿತು. ಸೋಮವಾರ ಸಿಎ ಕಲಿಯುವ ಒಬ್ಬ ಆರ್ಟಿಕಲ್ ಹುಡುಗನನ್ನು ಜಿಎಸ್‌ಟಿಯಿಂದ ಆಡಿಟ್‌ಗೆ ಕಳಿಸಿದ್ದರು. ಅಂದೇ ಗ್ರೂಪಿನಿಂದ ಅವನ ಹೆಸರು ಹೋಗಿದೆ, ಆದರೆ ಅದಕ್ಕೂ ಹಿಂದಿನ ಸೆಷನ್ ‘ಡಿಸ್ಕ್’ (ಡಿಸ್ಕನೆಕ್ಟ್ ಆದದ್ದು) ಎಂಬ ಸ್ಥಿತಿಯಲ್ಲಿ ಜೀವಂತವಾಗಿದೆ. ಅವನು ಮತ್ತೆ ಕನೆಕ್ಟ್ ಆದರೆ ಅದೇ ಹಳೆಯ ಹಕ್ಕು. ಹುಡುಗನ ಮೇಲೆ ಅನುಮಾನವೇನಿಲ್ಲ. ಆದರೆ ಸೇರಿಸಿದ್ದು ತಡವಾಗಿ ತಲುಪಿದರೆ ಫೋನಾದರೂ ಬರುತ್ತದೆ. ತೆಗೆದದ್ದು ತಲುಪದಿದ್ದರೆ ಯಾರೂ ದೂರುವುದಿಲ್ಲ. ಅವನಿಗೆ ತಿಳಿಸಿ ಆ ಸೆಷನ್ ಲಾಗಾಫ್ ಮಾಡಿದೆ.

ಹಾಗಂತ ಡಿಸ್ಕನೆಕ್ಟ್ ಆದ ಕೂಡಲೇ ಎಲ್ಲರ ಸೆಷನ್ ಮುಗಿಸುವಂತಿಲ್ಲ. ಗದಗದಲ್ಲಿ ಕರೆಂಟು ಹೋದರೆ, ಇಂಟರ್ನೆಟ್ ಕೈಕೊಟ್ಟರೆ, ಅರ್ಧ ತುಂಬಿದ ಎಕ್ಸೆಲ್ ಹಾಗೇ ಉಳಿಯುವುದು ಈ ವ್ಯವಸ್ಥೆಯಿಂದಲೇ. ಪಾಲಿಸಿಯಲ್ಲಿ ಡಿಸ್ಕನೆಕ್ಟ್ ಆದ ಸೆಷನ್‌ಗೆ 8 ಗಂಟೆಯ ಗಡುವು ಹಾಕಿದೆ. ಮಧ್ಯಾಹ್ನ ಲೈನ್ ಹೋದವರಿಗೆ ತೊಂದರೆಯಿಲ್ಲ, ಸಂಜೆ ಏಳಕ್ಕೆ ಇಂಟು ಒತ್ತಿ ಹೋದವರ ಸೆಷನ್ ನಸುಕಿನ ಮೂರಕ್ಕೆ ಮುಗಿಯುತ್ತದೆ. ಸೇವ್ ಮಾಡದೆ ಹೋದದ್ದು ಸಿಗುವುದಿಲ್ಲ ಎಂದು ಎಲ್ಲ ಶಾಖೆಗೂ ವಾಟ್ಸ್ಆ್ಯಪ್ ಹಾಕಿದೆ.

ಸೆಪ್ಟೆಂಬರ್ 11, ಗುರುವಾರ

ಬೆಳಿಗ್ಗೆ ಕ್ಯೂ ಯೂಸರ್‌ನಲ್ಲಿ ಎಲ್ಲರ ಲಾಗಿನ್ ಇವತ್ತಿನದೇ. ಇನ್ನು ಮೇಲೆ ಗ್ರೂಪಿನಲ್ಲಿ ಹೆಸರು ಸೇರಿಸಿದರೂ ತೆಗೆದರೂ ಆ ವ್ಯಕ್ತಿಯ ಸೆಷನ್ ನೋಡದೆ ಕೆಲಸ ಮುಗಿಯಿತು ಅನ್ನಬಾರದು. ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಎಳೆದಿದ್ದೇನೆ.

ಸಂಜೆ ಕಾಕಾ ಫೋನ್ ಮಾಡಿದರು. ರಿಟರ್ನ್‌ಗಳೆಲ್ಲ ಹೋದವಂತೆ. ಆಮೇಲೆ ತಾವಾಗಿಯೇ, “ಖರೀದಿ ಫೋಲ್ಡರ್ ಇನ್ನೂ ತೆರೀತದಲ್ಲೋ ನನಗ. ಆ ಕೆಲಸ ಈಗ ನನ್ನದಲ್ಲ, ಅದನ್ನ ತಗದುಬಿಡು” ಎಂದರು. ಲೈನಿನಲ್ಲಿರುವಾಗಲೇ ಹೆಸರು ತೆಗೆದೆ.

“ತಗದೇನ್ರಿ ಕಾಕಾ. ಈಗ ಸೈನ್ ಔಟ್ ಮಾಡ್ರಿ, ಇಲ್ಲಾಂದ್ರ ಅದು ಹೋಗಿರೂದಿಲ್ಲ.”