ನಾಲ್ಕು ಊರು, ನಾಲ್ಕು ಥರದ ಗಿರಾಕಿ

ಬೆಂಗಳೂರಿಂದ ಹೆದ್ದಾರಿ 48ರಲ್ಲಿ ಸುಮಾರು 160 ಕಿ.ಮೀ. ಬಂದರೆ ಹಿರಿಯೂರು. ಅಲ್ಲಿಂದ ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಮುಗಿಸಿ ಮತ್ತೆ ಹಿರಿಯೂರಿಗೆ ಬಂದರೆ ಒಂದು ಒಳ್ಳೇ ಸುತ್ತು. ಹೆಚ್ಚಿನವರು ಡ್ಯಾಮು, ಕೋಟೆ ನೋಡೋಕೆ ಬರ್ತಾರೆ. ನಾನೂ ನಮ್ಮ ಭಾವನೂ ಹೋಗಿದ್ದು ಗಿರಾಕಿ ನೋಡೋಕೆ.

ಭಾವನಿಗೆ ಮರದ ಗಾಣ ಹಾಕಿ ಶೇಂಗಾ ಎಣ್ಣೆ ಮಾರೋ ಆಸೆ. ಚಿತ್ರದುರ್ಗದಲ್ಲಿ ಮಳಿಗೆಗೆ ಅಡ್ವಾನ್ಸ್ ಕೊಡೋದೊಂದೇ ಬಾಕಿ. ದುಡ್ಡು ಅಕ್ಕ, ಭಾವ ಇಬ್ಬರೂ ವರ್ಷಗಟ್ಟಲೆ ಕೂಡಿಟ್ಟಿದ್ದು. "ಎರಡು ದಿನ ತಡೀರಿ ಭಾವ, ಮೊದಲು ಮಾರ್ಕೆಟ್ ನೋಡೋಣ" ಅಂದೆ.

ಹಿರಿಯೂರಲ್ಲಿ ಹೆದ್ದಾರಿ ಜನ ಸಿಗ್ತಾರೆ. ಆದರೆ ದಾರಿಹೋಕರು ಒಂದು ಬಾಟಲಿ ಕೊಂಡು ಹೋದರೆ ಮತ್ತೆ ಬರ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಊರಿನ ಹತ್ತಿರದ ವಾಣಿವಿಲಾಸ ಸಾಗರ ಕಟ್ಟಿ ಮುಗಿದಿದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ! ಇಲ್ಲಿನ ಶೇಂಗಾ ಬಹುಪಾಲು ಮಳೆ ನಂಬಿದ ಬೆಳೆ. ಹಾಗಾಗಿ ಒಳ್ಳೇ ವರ್ಷದ ರೇಟು ಹಿಡಿದು ಲೆಕ್ಕ ಹಾಕಬಾರದು, ಮಳೆ ಕೈಕೊಟ್ಟ ವರ್ಷದ ರೇಟನ್ನೂ ಕೇಳಬೇಕು.

ಹೊಸದುರ್ಗದ ಕಡೆ ಎಲ್ಲಿ ನೋಡಿದರೂ ತೆಂಗು. ತೋಟ ಇರೋರಿಗೆ ಕೊಬ್ಬರಿ ಎಣ್ಣೆ ಮಾರೋದು ಕಷ್ಟ. ಆದರೆ ಅವರ ಕೊಬ್ಬರಿ ತಂದರೆ ಗಾಣ ಆಡಿಸಿಕೊಟ್ಟು ಕೂಲಿ ತಗೋಬಹುದು. ಹೊಳಲ್ಕೆರೆ ಅಡಿಕೆ ಸೀಮೆ. ಅಡಿಕೆ ಮಾರಿದಾಗ ಕೈಯಲ್ಲಿ ದುಡ್ಡು ಆಡುತ್ತೆ, ಉಳಿದ ತಿಂಗಳು ಅಂಗಡಿಯಲ್ಲಿ ಸಾಲದ ಪುಸ್ತಕ. ಹಸು ಎಮ್ಮೆ ಇರೋ ಮನೆಯವರು ಮೊದಲು ಕೇಳಿದ್ದೇ "ಹಿಂಡಿ ಏನ್ ರೇಟಪ್ಪಾ?" ಅಂತ.

ಲೆಕ್ಕ ತಿರುಗಿದ್ದು ಅಲ್ಲೇ. ಮರದ ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆ.ಜಿ. ಶೇಂಗಾ ಬೀಜ ಬೇಕು. ಮಿಕ್ಕಿದ್ದು ಬಹುಪಾಲು ಹಿಂಡಿ. ಹಿಂಡಿ ಒಳ್ಳೇ ರೇಟಿಗೆ ಹೋಗದಿದ್ದರೆ ಎಣ್ಣೆಯ ಬೆಲೆ ಇನ್ನೂ ಏರಿಸಬೇಕಾಗುತ್ತೆ.

ಚಿತ್ರದುರ್ಗದಲ್ಲಿ ಜಿಲ್ಲಾ ಕಚೇರಿ, ಕಾಲೇಜು, ತಿಂಗಳ ಸಂಬಳದ ಮನೆಗಳು. ಪ್ರತಿ ತಿಂಗಳು ಎಣ್ಣೆ ಕೊಳ್ಳೋರು ಇಲ್ಲೇ ಇರೋದು. ಆದರೆ ಬಾಡಿಗೆ ಜಾಸ್ತಿ. ಸಾಲದ್ದಕ್ಕೆ ಎಣ್ಣೆ ಮಿಲ್‌ಗಳಿಗೆ ಹೆಸರಾದ ಚಳ್ಳಕೆರೆ ಪಕ್ಕದಲ್ಲೇ ಇದೆ. ದಿನಸಿ ಅಂಗಡಿಯಲ್ಲಿ ಒಬ್ಬ ಅಕ್ಕ ಹೇಳಿದ್ರು: "ಗಾಣದ್ದು ಒಳ್ಳೇದೇ, ಒಗ್ಗರಣೆಗೆ ಸರಿ. ಬೋಂಡ ಕರಿಯೋಕೆ ಪಾಕೀಟ್ ಎಣ್ಣೇನೇ." ಅಂದರೆ ಒಂದು ಮನೆಗೆ ತಿಂಗಳಿಗೆ ಐದು ಲೀಟರ್ ಬೇಕಿದ್ದರೂ ನಮಗೆ ಸಿಗೋದು ಒಂದೋ ಎರಡೋ.

ಹಾಗಾಗಿ ಗಾಣ ಹಳ್ಳಿ ಕಡೆ, ಮಾರಾಟ ದುರ್ಗದಲ್ಲಿ. ಮಷಿನ್‌ಗೆ ಮೊದಲು ಮೂರು ತಿಂಗಳು ಬೇರೆಯವರ ಗಾಣದಲ್ಲಿ ಕೂಲಿಗೆ ಆಡಿಸಿ, ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಪ್ಯಾಕ್ ಮಾಡಿ ಮಾರಿ ನೋಡೋದು. ಪಿಎಂಎಫ್‌ಎಂಇ ಯೋಜನೆಯಲ್ಲಿ ಮೂಲ ನಿಯಮದ ಪ್ರಕಾರ ಸಬ್ಸಿಡಿ 35%, ಗರಿಷ್ಠ 10 ಲಕ್ಷ ಇತ್ತು. ಆದರೆ ಅದು ಬ್ಯಾಂಕ್ ಸಾಲದ ಜೊತೆಗೇ ಬರೋದು. ಸಬ್ಸಿಡಿ ಮಷಿನ್ ಕೊಡಿಸಬಹುದು, ಗಿರಾಕಿ ಕೊಡಿಸಲ್ಲ.

ನಿಮ್ಮೂರಲ್ಲಿ ಏನಾದ್ರೂ ಶುರು ಮಾಡೋ ಯೋಚನೆ ಇದ್ದರೆ, "ನಾನು ಮಾಡಿದ್ರೆ ತಗೋತೀರಾ?" ಅಂತ ಕೇಳಬೇಡಿ. ಎಲ್ಲರೂ ಹೂಂ ಅಂತಾರೆ. "ಹೋದ ತಿಂಗಳು ಎಷ್ಟು ತಗೊಂಡ್ರಿ, ಎಷ್ಟು ಕೊಟ್ರಿ?" ಅಂತ ಕೇಳಿ. ನಿಜವಾದ ಮಾರ್ಕೆಟ್ ಆ ಉತ್ತರದಲ್ಲಿದೆ.