ಹುದ್ದೆ ಕಳಚಿದ ಮೇಲೆ: ಪುತ್ತೂರು ಸೀಮೆಯಲ್ಲೊಂದು ಸಂಚಾರ

ಶಿರಾಡಿ ಘಾಟಿಯನ್ನಿಳಿದು ಉಪ್ಪಿನಂಗಡಿಯಲ್ಲಿ ಎಡಕ್ಕೆ ಹೊರಳಿದರೆ ಪುತ್ತೂರಿನ ದಾರಿ. ಇಕ್ಕೆಲಗಳಲ್ಲಿ ಅಡಿಕೆಯ ತೋಟಗಳು, ಕೆಂಪು ಮುರಕಲ್ಲಿನ ಗೋಡೆಗಳು, ಹೆಂಚಿನ ಮನೆಗಳು. ಬಯಲುಸೀಮೆಯ ಕಣ್ಣಿಗೆ ಈ ಹಸುರೇ ಒಂದು ಹಬ್ಬ. ಪುತ್ತೂರು, ಸುಳ್ಯ, ಕಡಬ ಎಂಬ ಈ ಮೂರು ತಾಲ್ಲೂಕುಗಳನ್ನು ನಮ್ಮ ಕುಟುಂಬಗಳು ಬಹುಮಟ್ಟಿಗೆ ಕುಕ್ಕೆ ಸುಬ್ರಹ್ಮಣ್ಯದ ದಾರಿಯೆಂದೇ ಬಲ್ಲವು. ಆದರೆ ಇಲ್ಲಿ ನೋಡತಕ್ಕದ್ದು ಬೇರೆಯೂ ಉಂಟು.

ನಮ್ಮೊಡನೆ ಬಂದಿದ್ದ ಬಂಧುಗಳೊಬ್ಬರು ದೀರ್ಘಕಾಲ ಸರಕಾರಿ ಸೇವೆ ಸಲ್ಲಿಸಿ ನಿವೃತ್ತರಾದವರು. "ಶಾಸ್ತ್ರಿಗಳೇ, ಕುರ್ಚಿಯಲ್ಲಿದ್ದಾಗ ಜನ ಎದ್ದು ನಿಲ್ಲುತ್ತಿದ್ದರು. ಈಗ ಮನೆಯಲ್ಲಿ ಇನ್ನೊಂದು ಲೋಟ ಕಾಫಿ ಕೇಳುವುದಕ್ಕೂ ಸಂಕೋಚವಾಗುತ್ತದೆ" ಎಂದರು. ಇದು ಅವರೊಬ್ಬರ ಮಾತಲ್ಲ. ನಮ್ಮ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಮೌನವಾಗಿ ಕುಳಿತಿರುವ ಸಂಕಟ.

ಪುತ್ತೂರಿನ ಪರ್ಲಡ್ಕದಲ್ಲಿ ಡಾ. ಶಿವರಾಮ ಕಾರಂತರ ಬಾಲವನವಿದೆ. 1921ರಲ್ಲಿ ಅಸಹಕಾರ ಚಳವಳಿಯ ಕರೆಗೆ ಕಾಲೇಜು ಬಿಟ್ಟ ಕಾರಂತರು ಸುಮಾರು ನಾಲ್ಕು ದಶಕ ಈ ಊರಿನಲ್ಲಿ ಬಾಳಿದರು. ಅವರಿಗೆ ಸಂಬಳದ ಹುದ್ದೆಯ ನೆರಳಿರಲಿಲ್ಲ. ಕಾದಂಬರಿ ಬರೆದರು, ಮುದ್ರಣಾಲಯ ನಡೆಸಿದರು, ಮಕ್ಕಳ ಶಿಕ್ಷಣದಲ್ಲಿ ಪ್ರಯೋಗ ಮಾಡಿದರು, ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಕಟ್ಟಿಕೊಟ್ಟರು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನೇ ಹಿಂದಿರುಗಿಸಿದರು. 1997ರಲ್ಲಿ ತೊಂಬತ್ತೈದರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರ ಕೈಯಲ್ಲಿ ಕೆಲಸವಿತ್ತು. ಹುದ್ದೆಯೇ ಇಲ್ಲದವರಿಗೆ ನಿವೃತ್ತಿ ಎಲ್ಲಿಯದು?

ಅದೇ ಊರಿನ ಮೊಳಹಳ್ಳಿ ಶಿವರಾಯರು ವೃತ್ತಿಯಿಂದ ವಕೀಲರು. ಆದರೆ ಜಿಲ್ಲೆಯ ಜನ ಅವರನ್ನು ನೆನೆಯುವುದು ಗೆದ್ದ ಮೊಕದ್ದಮೆಗಳಿಗಾಗಿ ಅಲ್ಲ. ರೈತರಿಗೆ ಸಾಲ ದೊರೆಯುವ ಸಹಕಾರ ಸಂಘಗಳನ್ನು ಕಟ್ಟುತ್ತ, 1914ರಲ್ಲಿ ಪುತ್ತೂರಿನಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿಗೆ ಅಡಿಗಲ್ಲಾದವರೆಂದು ನೆನೆಯುತ್ತಾರೆ. ಅವರ ಹೆಸರನ್ನು ಉಳಿಸಿದ್ದು ವಕೀಲರ ಕರಿಕೋಟಲ್ಲ, ಊರಿನ ಕಷ್ಟ.

ಮುಂದೆ ಸುಳ್ಯ. ಇಲ್ಲಿ ಪಯಸ್ವಿನಿ ಹರಿಯುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಆಚೆ ದಡದ ಮಕ್ಕಳಿಗೆ ಶಾಲೆಯಿಲ್ಲ, ರೋಗಿಗಳಿಗೆ ವೈದ್ಯರಿಲ್ಲ. 1989ರಲ್ಲಿ ಅರಂಬೂರಿನಲ್ಲಿ ತೂಗುಸೇತುವೆಯೊಂದನ್ನು ಕಟ್ಟಿದವರು ಈ ಊರಿನ ಇಂಜಿನಿಯರ್ ಗಿರೀಶ್ ಭಾರದ್ವಾಜರು. ಅನಂತರ ನೂರಕ್ಕೂ ಮಿಕ್ಕಿ ಸೇತುವೆಗಳು ಅವರಿಂದಾದವು. 2017ರಲ್ಲಿ ಪದ್ಮಶ್ರೀ ಬಂದಿತು. ಕೃಷಿಕ ಮನೆತನದ ಕುರುಂಜಿ ವೆಂಕಟ್ರಮಣ ಗೌಡರು 1976ರಲ್ಲಿ ಇಲ್ಲಿ ಕಾಲೇಜನ್ನು ತೆರೆದು, ಮುಂದೆ ಇದನ್ನು ವಿದ್ಯಾಕೇಂದ್ರವಾಗಿಸಿದರು. ಒಬ್ಬರು ಕಲಿತ ವಿದ್ಯೆಯನ್ನೇ ಹಳ್ಳಿಗರ ಕಡೆ ತಿರುಗಿಸಿದರು. ಇನ್ನೊಬ್ಬರು ತಮ್ಮ ಕಸುಬಿನಾಚೆಗೆ ಕೈಚಾಚಿದರು. ಆದುದರಿಂದ ಉದ್ಯೋಗವನ್ನು ತೊರೆಯಲೇಬೇಕೆಂದಿಲ್ಲ. ಅದು ಯಾರನ್ನು ಮುಟ್ಟುತ್ತದೆ ಎಂಬುದೇ ಮುಖ್ಯ.

ಶರಣರು ಕಾಯಕವೆಂದುದು ಬರಿಯ ಸಂಪಾದನೆಯನ್ನಲ್ಲ. ಕಾಯಕಕ್ಕೆ ದಾಸೋಹ ಸೇರಿದಾಗಲೇ ಅದು ಪೂರ್ಣ. ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿದ ಕಥೆ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ತಂದ ಅಕ್ಕಿಯ ತೂಕವೇ ತಂದವನ ತೂಕವಲ್ಲ ಎಂಬುದು ಅದರ ತಾತ್ಪರ್ಯ. ಸರಕಾರಿ ಸೇವೆಗೆ ಅರವತ್ತರ ಗಡಿಯುಂಟು, ದಾಸೋಹಕ್ಕೆ ಗಡಿಯಿಲ್ಲ.

ಕೊನೆಗೆ ಕಡಬ ತಾಲ್ಲೂಕು. ಪುಷ್ಪಗಿರಿಯ ಕಡೆಯಿಂದ ಇಳಿದ ಕುಮಾರಧಾರಾ ಸುಬ್ರಹ್ಮಣ್ಯದ ಬಳಿ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಕುಮಾರಧಾರಾ ಎಂಬ ಹೆಸರಿಲ್ಲ. ಹೆಸರು ಹೋಯಿತೆಂದು ನೀರು ನಿಲ್ಲುವುದಿಲ್ಲ. ತೋಟಗಳಿಗೆ ಉಣಿಸುತ್ತ ಮಂಗಳೂರಿನವರೆಗೂ ಸಾಗುತ್ತದೆ.

ಲೆಕ್ಕ ಬಲ್ಲ ಹಿರಿಯರು ಊರ ಸಂಘದ ಪುಸ್ತಕಗಳನ್ನು ನೋಡಿಕೊಡಬಹುದು. ಮೇಷ್ಟರಾಗಿದ್ದವರು ಸಂಜೆ ನಾಲ್ಕು ಮಕ್ಕಳನ್ನು ಕೂರಿಸಿಕೊಳ್ಳಬಹುದು. ಕಚೇರಿಯ ವ್ಯವಹಾರ ತಿಳಿದವರು ಪಿಂಚಣಿಗೆ ಅಲೆಯುವ ವಿಧವೆಯರ ಅರ್ಜಿಗಳನ್ನು ಬರೆದುಕೊಡಬಹುದು. ಮನೆಯವರೂ ಹಿರಿಯರಿಗೆ ವಿಶ್ರಾಂತಿಯನ್ನಷ್ಟೇ ಕೊಡದೆ, ಅವರಿಂದ ಆಗಬೇಕಾದುದನ್ನು ಬಾಯಿಬಿಟ್ಟು ಕೇಳಬೇಕು. ಬೇಕಾದವನೆಂಬ ಭಾವಕ್ಕಿಂತ ದೊಡ್ಡ ಪಿಂಚಣಿ ಯಾವುದಿದೆ?