ಹೆಸರಘಟ್ಟ ರಸ್ತೆಯಿಂದ ಜಿನೀವಾ ಎಷ್ಟು ದೂರ?

ಮೊದಲ ವರ್ಷದ ಸಂವಿಧಾನದ ಪೇಪರ್ ನೆನಪಿದೆಯಾ? ಓಎಂಆರ್ ಶೀಟು, ನಾಲ್ಕು ಆಯ್ಕೆ, ಒಂದಕ್ಕೆ ಮಸಿ. ಮಾನವ ಹಕ್ಕುಗಳ ದಿನ ಯಾವಾಗ ಅಂದ್ರೆ ಡಿಸೆಂಬರ್ 10 ಅಂತ ಎಲ್ಲರೂ ಕಣ್ಣುಮುಚ್ಚಿ ಹೇಳ್ತೀವಿ. ಆದರೆ ಆ ಹಕ್ಕುಗಳು ಜಾರಿಯಲ್ಲಿವೆಯಾ ಅಂತ ಯಾರು, ಎಲ್ಲಿ ಕೂತು, ಎಷ್ಟು ವರ್ಷಕ್ಕೊಮ್ಮೆ ನೋಡ್ತಾರೆ ಅನ್ನೋ ಪ್ರಶ್ನೆ ಯಾವ ಕ್ವೆಶ್ಚನ್ ಬ್ಯಾಂಕಿನಲ್ಲೂ ನಮಗೆ ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು ಪಿಜಿ ಹಿತ್ತಿಲಲ್ಲಿ. ನಮ್ಮ ಕಡೆ ಒಳಚರಂಡಿ ತಲುಪದ ಬೀದಿಗಳು ಇನ್ನೂ ಇವೆ. ಪಿಟ್ ತುಂಬಿದಾಗ ಟ್ಯಾಂಕರ್ ಬರುತ್ತೆ. ಒಂದು ಸಂಜೆ ಪೈಪಿಗೆ ಏನೋ ಅಡ್ಡ ಬಂತು. ಜೊತೆಗಿದ್ದವರೊಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗುಂಡಿಗೆ ಇಳಿದೇ ಬಿಟ್ಟರು. ಮಾಸ್ಕಿಲ್ಲ, ಗ್ಲೌಸಿಲ್ಲ. ನಾವು ಓಡಿಹೋಗಿ ಕೂಗಾಡಿ ಮೇಲೆ ಹತ್ತಿಸಿದೆವು. ಕೈ ತೊಳೆದುಕೊಳ್ಳುತ್ತಾ ಅವರು ಕೇಳಿದ್ದು ಒಂದೇ ಮಾತು: "ಯಾರಿಗೆ ಹೇಳ್ಬೇಕು ಹೇಳಿ?"

ಕಾನೂನಿಗೇನೂ ಕೊರತೆಯಿಲ್ಲ. ಸುರಕ್ಷಾ ಸಾಧನವಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸತ್ತರೆ 10 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸತ್ತ ಮೇಲಿನ ಲೆಕ್ಕ ಸ್ಪಷ್ಟವಾಗಿದೆ. ಬದುಕಿದ್ದಾಗ ಯಾರಿಗೆ ಹೇಳಬೇಕು ಅನ್ನೋದನ್ನು ಹುಡುಕುತ್ತಾ ಹೋದ ನಾವು ಜಿನೀವಾ ತಲುಪಿದೆವು (ಲ್ಯಾಪ್‌ಟಾಪಿನಲ್ಲಿ, ಹಾಸ್ಟೆಲ್ ವೈಫೈ ಕೃಪೆಯಿಂದ).

ಜನಾಂಗೀಯ ತಾರತಮ್ಯದ ವಿರುದ್ಧ 1965ರ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ, ಭಾರತ ಅದರ ಸದಸ್ಯ. ಅದರ ಸಮಿತಿ 2007ರ ಫೆಬ್ರವರಿಯಲ್ಲಿ ಭಾರತವನ್ನು ವಿಚಾರಿಸಿದಾಗ ಮಲ ಹೊರುವ ಪದ್ಧತಿಯೂ ಚರ್ಚೆಗೆ ಬಂತು. ಜಾತಿ ಬೇರೆ, ಜನಾಂಗ ಬೇರೆ, ಇದು ನಿಮ್ಮ ವ್ಯಾಪ್ತಿಗೆ ಬರಲ್ಲ ಅಂತ ನಮ್ಮ ಸರ್ಕಾರದ ವಾದ. ಪದಕೋಶದ ಮಟ್ಟಿಗೆ ಸರಿಯೇ ಇರಬಹುದು. ಆದರೆ ಒಪ್ಪಂದದ ಮೊದಲ ವಿಧಿಯಲ್ಲಿ 'ವಂಶಮೂಲ' ಅನ್ನೋ ಪದವೂ ಇದೆ, ಕರಡು ಬರೆಯುವಾಗ ಅದನ್ನು ಸೇರಿಸಿ ಅಂದಿದ್ದು ಭಾರತವೇ! ಮುಂದಿನ ವರದಿ 2010ರ ಜನವರಿಗೆ ಕೊಡಬೇಕಿತ್ತು. ಗಡುವು ಮುಗಿದು ವರ್ಷಗಟ್ಟಲೆ ಕಳೆದರೂ ವರದಿ ಹೋಗಲಿಲ್ಲ. ನಮ್ಮ ಅಸೈನ್‌ಮೆಂಟು ಎರಡು ದಿನ ತಡವಾದರೆ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಹೋಗುತ್ತೆ.

ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಸಮಿತಿಯ ಕಥೆಯೂ ಹೀಗೇ. ಅದು ಭಾರತವನ್ನು ನೋಡಿದ್ದು 1997ರಲ್ಲಿ, ಆಮೇಲೆ 2024ರ ಜುಲೈನಲ್ಲಿ. ನಡುವಿನ 27 ವರ್ಷದಲ್ಲಿ ನಾವು ಹುಟ್ಟಿ, ಬೆಳೆದು, ಸಿಇಟಿ ಬರೆದು ಮುಗಿಸಿದ್ದೇವೆ. ಫೀಡ್‌ಬ್ಯಾಕ್ ಇಷ್ಟು ತಡವಾದರೆ ಲೂಪ್ ಏನಾಗುತ್ತೆ ಅಂತ ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವ್ಯವಸ್ಥೆ ಸಾರ್ವತ್ರಿಕ ಆವರ್ತಕ ಪರಿಶೀಲನೆ. ಸರಿಸುಮಾರು ನಾಲ್ಕೂವರೆ ವರ್ಷಕ್ಕೊಮ್ಮೆ ಎಲ್ಲ 193 ದೇಶಗಳ ಸರದಿ ಬರುತ್ತೆ, ತಪ್ಪಿಸಿಕೊಳ್ಳೋ ಹಾಗಿಲ್ಲ. ಇದು ನಮಗೆ ಹಿಡಿಸಿತು. ಆದರೆ ಒಂದು ದೇಶಕ್ಕೆ ಸಿಗೋದು ಮೂರೂವರೆ ಗಂಟೆ, ಅದರಲ್ಲಿ ಉಳಿದ ದೇಶಗಳ ಪಾಲು 140 ನಿಮಿಷ. 2022ರಲ್ಲಿ ಭಾರತಕ್ಕೆ ಶಿಫಾರಸು ಮಾಡಿದ ದೇಶಗಳು 130. ಭಾಗಿಸಿ ನೋಡಿ, ತಲಾ ಒಂದು ನಿಮಿಷ ಚಿಲ್ಲರೆ! ಒಂದು ಸಂಘಟನೆ ತನ್ನ ಅಹವಾಲನ್ನು 2,815 ಪದಗಳೊಳಗೆ ಕಳಿಸಬಹುದು, ಅದೂ ವಿಶ್ವಸಂಸ್ಥೆಯ ಭಾಷೆಯಲ್ಲಿ. ಆ ಆರು ಅಧಿಕೃತ ಭಾಷೆಗಳಲ್ಲಿ ಕನ್ನಡ ಬಿಡಿ, ಹಿಂದಿಯೂ ಇಲ್ಲ. ಮಾನವ ಹಕ್ಕುಗಳ ಘೋಷಣೆಯ ಕನ್ನಡ ಅನುವಾದ ವಿಶ್ವಸಂಸ್ಥೆಯ ತಾಣದಲ್ಲೇ ಇದೆ. ಅಂದರೆ ಹಕ್ಕನ್ನು ಕನ್ನಡದಲ್ಲಿ ಓದಬಹುದು, ದೂರನ್ನು ಕನ್ನಡದಲ್ಲಿ ಕೊಡೋ ಹಾಗಿಲ್ಲ. ವೈಯಕ್ತಿಕ ದೂರಿನ ದಾರಿಯನ್ನಂತೂ ಭಾರತ ಒಪ್ಪಿಕೊಂಡೇ ಇಲ್ಲ.

ಸುಧಾರಣೆಯ ಮಾತು ನಡೀತಾನೇ ಇದೆ. 2014ರಲ್ಲಿ ಸಾಮಾನ್ಯ ಸಭೆ ನಿರ್ಣಯ ಮಾಡಿತು. ಎಂಟು ವರ್ಷಕ್ಕೊಮ್ಮೆ ಕಡ್ಡಾಯ ವೇಳಾಪಟ್ಟಿ ಇರಲಿ ಅಂತ ಸಮಿತಿಗಳ ಅಧ್ಯಕ್ಷರು 2022ರಲ್ಲಿ ಹೇಳಿದರು. ವೇಳಾಪಟ್ಟಿ ಬೇಕು, ನಿಜ. ನಮಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು 2020ರ ಮಾರ್ಚ್‌ನಲ್ಲಿ ನಡೆದ ಒಂದು ಸಭೆ. ಮಕ್ಕಳ ಹಕ್ಕುಗಳ ಸಮಿತಿ ಜಿನೀವಾ ಬಿಟ್ಟು ಸಮೋವಾ ದ್ವೀಪದ ಅಪಿಯಾಗೆ ಹೋಗಿ ಕೂತಿತ್ತು. ಸಮೋವಾಗೆ ಹೋಗಬಹುದಾದರೆ ಬೆಂಗಳೂರಿಗೂ ಬರಬಹುದಲ್ವಾ?

ಯಾಕೆಂದರೆ ಸಾಕ್ಷಿ ಇರೋದು ಇಲ್ಲಿ. ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಅವರ ಸಫಾಯಿ ಕರ್ಮಚಾರಿ ಆಂದೋಲನದವರು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ನಮ್ಮಲ್ಲಿ ಒಣ ಶೌಚಾಲಯವೇ ಇಲ್ಲ ಅಂತ ರಾಜ್ಯಗಳು ಹೇಳಿದಾಗ ಫೋಟೊ, ಸಮೀಕ್ಷೆ ಹಿಡಿದು ತೋರಿಸಿದವರು ಅವರೇ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈನಲ್ಲಿ ಭಂಗಿ ಸಮುದಾಯದವರು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡರು. ಕಣ್ಣಿಗೆ ಬೀಳೋದಕ್ಕೆ ಅವರಿಗೆ ಉಳಿದಿದ್ದ ದಾರಿ ಅದು. ಭಾರತದ ವರದಿ ಜಿನೀವಾಗೆ ಹೋಗಬೇಕಿದ್ದದ್ದೂ ಅದೇ ವರ್ಷ.

ಸದ್ಯಕ್ಕೆ ಹತ್ತಿರದ ಬಾಗಿಲು ಅಂಬೇಡ್ಕರ್ ವೀಧಿಯ ರಾಜ್ಯ ಮಾನವ ಹಕ್ಕುಗಳ ಆಯೋಗ. ಅದು ಶಿಫಾರಸು ಮಾಡಬಹುದು, ಆದೇಶ ಮಾಡೋ ಹಾಗಿಲ್ಲ. ಆದರೆ ಅಲ್ಲಿ ಕನ್ನಡದಲ್ಲೇ ಬರೆದುಕೊಡಬಹುದು, ಶುಲ್ಕವಿಲ್ಲ, ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು. ನಾವು ಐದು ಜನ ಸೇರಿ ಒಂದು ಪುಟದ ಕನ್ನಡ ನಮೂನೆ ಮಾಡಿದ್ದೇವೆ: ದಿನಾಂಕ, ಸಮಯ, ಜಾಗ, ಇಳಿಸಿದವರು ಯಾರು, ಯಂತ್ರ ಇತ್ತಾ, ಫೋಟೊ. ಕೆಲಸಗಾರರ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇವೆ, ಬರೆಯೋದು ಬಿಡೋದು ಅವರಿಷ್ಟ. ಕನ್ನಡ ಸಂಘದ ಕೋಣೆಯ ಮೇಜಿನ ಮೇಲೆ ಪ್ರತಿಗಳಿವೆ, ನಿಮ್ಮ ಪಿಜಿಗೆ ಟ್ಯಾಂಕರ್ ಬರುವ ಮೊದಲು ಒಂದು ತಗೊಂಡು ಹೋಗಿ.